ಬೀರುವಿನಲ್ಲಿ ಮಡಚಿಟ್ಟ ವರದಿ

ಮೂಡಿಗೆರೆ ಕಡೆಯ ಈ ದಂಪತಿ ನನ್ನ ಬಳಿಗೆ ಬಂದಾಗ ಅವರ ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು, ಮಕ್ಕಳಾಗಿರಲಿಲ್ಲ. ಪತಿಗೆ 34 ವರ್ಷ, ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್, ಪತ್ನಿಗೆ 29. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಈ ನಾಲ್ಕು ವರ್ಷಗಳಲ್ಲಿ ಆಕೆಗೆ ಸ್ಕ್ಯಾನಿಂಗ್, ಥೈರಾಯ್ಡ್ ಪರೀಕ್ಷೆ, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್-ರೇ ಎಲ್ಲವೂ ಆಗಿದ್ದವು, ಯಾವುದರಲ್ಲೂ ದೋಷ ಕಂಡಿರಲಿಲ್ಲ. ಆದರೂ ಅಂಡ ಬೆಳೆಯುವ ಮಾತ್ರೆಗಳು ಮುಂದುವರಿದಿದ್ದವು, ನೆಂಟರ ಮನೆಯ ಸೀಮಂತಗಳಿಗೆ ಆಕೆಯನ್ನು ಕರೆಯುವುದು ನಿಂತುಹೋಗಿತ್ತು. ಪತಿಯ ವೀರ್ಯ ಪರೀಕ್ಷೆ ಮಾತ್ರ ಬಹಳ ಕಾಲ ಆಗಿರಲೇ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಹಾಗಿರುವಾಗ ಇಷ್ಟು ಸುಲಭದ ಪರೀಕ್ಷೆಯನ್ನು ಕೊನೆಗೆ ತಳ್ಳುವ ರೂಢಿಯನ್ನು ನಾನು ಅನ್ಯಾಯವೆಂದೇ ಭಾವಿಸುತ್ತೇನೆ.

ಕೊನೆಗೆ ವೈದ್ಯರೊಬ್ಬರು ಒತ್ತಾಯಿಸಿದ ಮೇಲೆ ಪತಿ, ಚಿಕ್ಕಮಗಳೂರಿನಲ್ಲಿ ಪರಿಚಯದವರು ಎದುರಾದಾರೆಂಬ ಅಂಜಿಕೆಯಿಂದ ಹಾಸನಕ್ಕೆ ಹೋಗಿ, ಒಂದು ಲ್ಯಾಬಿನಲ್ಲಿ ಒಬ್ಬರೇ ಪರೀಕ್ಷೆ ಮಾಡಿಸಿಕೊಂಡಿದ್ದರು. ಒಂದು ಮಿಲಿಲೀಟರಿಗೆ 60 ಲಕ್ಷ ವೀರ್ಯಾಣು, ಚಲನೆ ಶೇ 22, ಸರಿಯಾದ ಆಕಾರದವು ಶೇ 3 ಎಂದು ಬಂದ ವರದಿಯನ್ನು ಅವರು ಬೀರುವಿನಲ್ಲಿ ಮಡಚಿಟ್ಟು ಎರಡು ತಿಂಗಳು ಸುಮ್ಮನಿದ್ದರು. ಬಟ್ಟೆ ಜೋಡಿಸುವಾಗ ಅದು ಪತ್ನಿಯ ಕೈಗೆ ಸಿಕ್ಕಿತು.

"ಕಮ್ಮಿ ಇದೆ ಅಂತ ನನಗೆ ಬೇಜಾರಿಲ್ಲ ಮೇಡಂ. ಗೊತ್ತಿದ್ದೂ ನಾನು ದಿನಾ ಮಾತ್ರೆ ನುಂಗೋದನ್ನ ನೋಡ್ತಾ ಕೂತಿದ್ರಲ್ಲ, ಅದಕ್ಕೆ" ಎಂದರು ಆಕೆ. ಪತಿ ತಲೆ ಎತ್ತಲಿಲ್ಲ. ಆ ದಿನ ಸಂಖ್ಯೆಗಳ ಮಾತನ್ನು ನಾನು ಎತ್ತಲೇ ಇಲ್ಲ. ಆ ಸಿಟ್ಟಿಗೆ ಉತ್ತರ ಸಿಗದೆ ಮುಂದಿನ ಯಾವ ಚಿಕಿತ್ಸೆಯೂ ಇವರಿಬ್ಬರದಾಗುವುದಿಲ್ಲ ಎನಿಸಿತು. ಬಹಳ ಹೊತ್ತಿನ ಮೇಲೆ ಅವರು, "ಗಂಡಸೇ ಅಲ್ಲ ಅಂದುಕೊಳ್ತೀಯೇನೋ ಅಂತ ಹೆದರಿದೆ" ಎಂದು ಪತ್ನಿಗೇ ಹೇಳಿದರು.

ಎರಡನೆಯ ಭೇಟಿಯಲ್ಲಿ ವರದಿಯನ್ನು ಬಿಡಿಸಿಟ್ಟು ಮಾತನಾಡಿದೆವು. ದಾಂಪತ್ಯ ಸುಖಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲ. ಅದರಲ್ಲಿ ಯಾವ ತೊಂದರೆಯೂ ಇಲ್ಲದವರಲ್ಲಿಯೂ ಸಂಖ್ಯೆ ಕಡಿಮೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿ ಮಿಲಿಲೀಟರಿಗೆ 1 ಕೋಟಿ 60 ಲಕ್ಷ, ಒಟ್ಟು ಚಲನೆ ಶೇ 42, ಸರಿಯಾದ ಆಕಾರ ಶೇ 4. ಒಂದು ವರ್ಷದೊಳಗೆ ಪತ್ನಿ ಗರ್ಭ ಧರಿಸಿದ ಗಂಡಸರನ್ನೇ ಪರೀಕ್ಷಿಸಿ ಇದನ್ನು ಗೊತ್ತುಮಾಡಲಾಗಿದ್ದು, ಅವರಲ್ಲಿಯೂ ನೂರಕ್ಕೆ ಐವರ ಸಂಖ್ಯೆ ಈ ಮಿತಿಗಿಂತ ಕೆಳಗಿತ್ತು. ಶೇ 97 ವೀರ್ಯಾಣುಗಳು ಕೆಟ್ಟಿವೆ ಎಂದು ಓದಿಕೊಂಡು ಕುಗ್ಗಿದ್ದ ಅವರಿಗೆ, ಸಾಕೆನಿಸುವ ಮಟ್ಟವೇ ಶೇ 4 ಎಂದು ತಿಳಿದಾಗ ಮುಖದ ಬಿಗುವು ಸಡಿಲವಾಯಿತು.

ಕೇಳುತ್ತ ಹೋದಂತೆ ಇನ್ನೆರಡು ಸಂಗತಿ ಹೊರಬಂದವು. ಪರೀಕ್ಷೆಗೆ ಐದು ವಾರ ಮೊದಲು ಅವರು ಡೆಂಗಿ ಜ್ವರದಿಂದ ಮಲಗಿದ್ದರು. ವೀರ್ಯಾಣು ಹುಟ್ಟಿ ಬಲಿಯಲು ಎರಡೂವರೆ ತಿಂಗಳು ಹಿಡಿಯುವುದರಿಂದ, ಜೋರು ಜ್ವರದ ಪರಿಣಾಮ ವಾರಗಳ ನಂತರವೂ ವರದಿಯಲ್ಲಿ ಕಾಣಿಸುತ್ತದೆ. ಅಲ್ಲದೆ, ಮಾದರಿ ಕೊಡುವಾಗ ಮೊದಲ ಭಾಗ ಚೆಲ್ಲಿಹೋಗಿದ್ದನ್ನು ನಾಚಿಕೆಯಿಂದ ಲ್ಯಾಬಿನವರಿಗೆ ತಿಳಿಸಿರಲಿಲ್ಲ. ವೀರ್ಯಾಣು ಹೆಚ್ಚಾಗಿರುವುದು ಆ ಮೊದಲ ಭಾಗದಲ್ಲೇ.

ಒಂದೇ ವರದಿಯನ್ನು ನಂಬಿ ತೀರ್ಮಾನಕ್ಕೆ ಬರಬಾರದೆಂದೂ, ಮೂರು ತಿಂಗಳು ಬಿಟ್ಟು, ಎರಡರಿಂದ ಏಳು ದಿನ ವೀರ್ಯಸ್ಖಲನವಿಲ್ಲದೆ ಇದ್ದು ಮತ್ತೆ ಪರೀಕ್ಷಿಸಿಕೊಳ್ಳಬೇಕೆಂದೂ, ಅಷ್ಟರಲ್ಲಿ ಮೂತ್ರರೋಗ ತಜ್ಞರಿಂದ ದೇಹ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ ಸೂಚಿಸಿದೆ. ಗುಟ್ಕಾವನ್ನು ಪೂರ್ತಿ ಬಿಡಲು ಹೇಳಿದೆ. ಸ್ನೇಹಿತರೊಬ್ಬರು ಶಕ್ತಿಗೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹೇಳಿದ್ದರಂತೆ. ಹೊರಗಿನಿಂದ ಕೊಟ್ಟ ಆ ಹಾರ್ಮೋನು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಲ್ಲದು, ಮುಟ್ಟಲೇಬೇಡಿ ಎಂದು ಖಂಡಿತವಾಗಿ ತಿಳಿಸಿದೆ. ಪತ್ನಿಯ ಮಾತ್ರೆಗಳನ್ನು ಮುಂದುವರಿಸಬೇಕೇ ಎಂದು ಆಕೆಯ ವೈದ್ಯರನ್ನು ಇಬ್ಬರೂ ಒಟ್ಟಿಗೆ ಹೋಗಿ ಕೇಳಬೇಕೆಂದೆ. ಇನ್ನೊಂದು ಕೆಲಸವನ್ನು ಪತಿಗೇ ವಹಿಸಿದೆ: ವಿಷಯವನ್ನು ತಾಯಿಗೆ ಅವರೇ ಹೇಳಬೇಕು, ಸೊಸೆಯ ಬಾಯಿಂದ ಅದು ಹೋಗಬಾರದು.

ಮೂರು ತಿಂಗಳ ನಂತರದ ಸಂಖ್ಯೆ 1 ಕೋಟಿ 10 ಲಕ್ಷ, ಚಲನೆ ಶೇ 36. ಮಿತಿಗಿಂತ ಇನ್ನೂ ಕೆಳಗೇ, ಆದರೆ ಮೊದಲಿನಂತಲ್ಲ. ಮೂತ್ರರೋಗ ತಜ್ಞರು ಪರೀಕ್ಷಿಸಿದಾಗ ಎಡಭಾಗದ ವೃಷಣದ ಮೇಲೆ ಉಬ್ಬಿದ ರಕ್ತನಾಳ, ಅಂದರೆ ವೇರಿಕೋಸೀಲ್, ಕೈಗೇ ಸಿಗುವಂತಿತ್ತು. ಶಸ್ತ್ರಚಿಕಿತ್ಸೆಯಿಂದ ಅನೇಕರಲ್ಲಿ ಸುಧಾರಣೆ ಕಂಡರೂ ಎಲ್ಲರಲ್ಲೂ ಅಲ್ಲ, ಫಲ ತಿಳಿಯಲು ಮೂರರಿಂದ ಆರು ತಿಂಗಳು ಬೇಕು ಎಂಬುದನ್ನು ಕೇಳಿಕೊಂಡು, ಪತ್ನಿಯ ವಯಸ್ಸಿನ ದೃಷ್ಟಿಯಿಂದ ಕಾಯಲು ಅವಕಾಶವಿದೆಯೆಂದು ಇಬ್ಬರೂ ಒಪ್ಪಿದರು.

ತಾಯಿಗೆ ಅವರು ಒಲೆಯ ಮುಂದೆ ಕೂತು ಹೇಳಿದರಂತೆ: "ಅವ್ವಾ, ಕೊರತೆ ನನ್ನಲ್ಲಿದೆ. ಇನ್ನು ಅವಳಿಗೆ ಏನೂ ಅನ್ಬೇಡ." ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸೊಸೆಯನ್ನು ಕರೆದು ತಲೆಗೆ ಎಣ್ಣೆ ಹಚ್ಚಿದರೆಂದು ಆಕೆ ನನಗೆ ಫೋನಿನಲ್ಲಿ ತಿಳಿಸಿದರು. ಶಸ್ತ್ರಚಿಕಿತ್ಸೆಯಾಗಿ ಈಗ ಆರು ವಾರ. ಮುಂದಿನ ವೀರ್ಯ ಪರೀಕ್ಷೆಗೆ ಕಾಫಿ ಕೊಯ್ಲು ಮುಗಿದ ಮೇಲೆ, ಚಿಕ್ಕಮಗಳೂರಿಗೇ, ಇಬ್ಬರೂ ಹೋಗುತ್ತಾರೆ.