ಕಥೆಯಿಂದಲೇ ಶುರು ಮಾಡಿ

ಸಿಡ್ನಿ, ಮೆಲ್ಬರ್ನ್ ಬಿಟ್ಟು ಆಸ್ಟ್ರೇಲಿಯಾದ ಸಣ್ಣ ಊರುಗಳ ಬರವಣಿಗೆ ಓದಬೇಕು, ಕಥೆಯಿಂದ ಶುರು ಮಾಡಲೋ ಕಾದಂಬರಿಯಿಂದಲೋ ಅಂತ ಕೇಳಿದ್ದೀರಿ. ನನ್ನ ಓಟು ಕಥೆಗೆ. ಟಿಮ್ ವಿಂಟನ್ ಅವರ ‘ದ ಟರ್ನಿಂಗ್’ ತಗೊಳ್ಳಿ. 17 ಕಥೆಗಳಿವೆ, ಹೆಚ್ಚಿನವು ಏಂಜಲಸ್ ಎಂಬ ಕಲ್ಪಿತ ಊರಿನ ಸುತ್ತ. ಅದಕ್ಕೆ ಮಾದರಿ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿ ಊರು. 1978ರವರೆಗೂ ಅಲ್ಲಿ ತಿಮಿಂಗಿಲ ಬೇಟೆ ನಡೆಯುತ್ತಿತ್ತು. ಒಂದು ಕಥೆಯ ಹುಡುಗ ಇನ್ನೊಂದರಲ್ಲಿ ನಡುವಯಸ್ಸಿನವನಾಗಿ ಎದುರಾಗುತ್ತಾನೆ. ಮಾತುಗಳಿಗೆ ಉದ್ಧರಣ ಚಿಹ್ನೆ ಇಲ್ಲ, ಹಾಗಾಗಿ ಮೊದಲು ಸ್ವಲ್ಪ ತಡಕಾಡಬೇಕಾಗುತ್ತದೆ.

ಆಮೇಲೆ ತಾರಾ ಜೂನ್ ವಿಂಚ್ ಅವರ ಕಾದಂಬರಿ ‘ದ ಯೀಲ್ಡ್’ (2019). ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ. ಅಜ್ಜನ ಸಾವಿಗೆ ಮೊಮ್ಮಗಳು ಇಂಗ್ಲೆಂಡಿನಿಂದ ಊರಿಗೆ ಬರುತ್ತಾಳೆ. ಅವರಿದ್ದ ಜಾಗದಲ್ಲಿ ಗಣಿ ಬರುವುದರಲ್ಲಿದೆ. ಅಜ್ಜ ತನ್ನ ವಿರಾಡ್ಜುರಿ ಭಾಷೆಯ (ಆಸ್ಟ್ರೇಲಿಯಾದ ಮೂಲನಿವಾಸಿಗಳ ಒಂದು ಭಾಷೆ) ನಿಘಂಟು ಬರೆದಿರುತ್ತಾನೆ, ಅದೂ ಅಕ್ಷರಮಾಲೆಯ ಕೊನೆಯಿಂದ ಹಿಂದಕ್ಕೆ! ಸುಮ್ನೆ ಅರ್ಥ ಕೊಟ್ಟು ಮುಗಿಸುವುದಿಲ್ಲ. ಒಂದು ಪದ ಹಿಡಿದು ಹೊಳೆ, ಜೈಲು, ಬಾಲ್ಯ ಅಂತ ಎಲ್ಲೆಲ್ಲೋ ಹೋಗುತ್ತಾನೆ. ಕಥೆಯ ಗುಟ್ಟುಗಳೂ ಆ ಪದಗಳಲ್ಲೇ ಇವೆ. ನಿಘಂಟಲ್ವಾ ಅಂತ ಹಾರಿಸಿಬಿಟ್ಟೀರಿ ಮತ್ತೆ.

ಪತ್ತೇದಾರಿ ಇಷ್ಟವಾದರೆ ಜೇನ್ ಹಾರ್ಪರ್ ಅವರ ‘ದ ಡ್ರೈ’. ಬರಗಾಲದ ಹಳ್ಳಿ, ಕೊಲೆ. ಒಂದು ರೈಲು ಪ್ರಯಾಣಕ್ಕೆ ಸಾಕು.