ಪೋಸ್ಟ್‌ಕಾರ್ಡ್ ಮೇಲಿನ ಪುಟಾಣಿ ಸೈನಿಕರು

ಪ್ರಶ್ನೆ: ಸರ್, ಮೊದಲನೇ ಮಹಾಯುದ್ಧದ ಕಾಲದ್ದು ಕೆಲವು ಫ್ರೆಂಚ್ ಪೋಸ್ಟ್‌ಕಾರ್ಡ್ ಸಿಕ್ಕಿವೆ. ನಾಲ್ಕೈದು ವರ್ಷದ ಮಕ್ಕಳಿಗೆ ಮಿಲಿಟರಿ ಡ್ರೆಸ್ ಹಾಕ್ಸಿ ಕೈಗೆ ಬಂದೂಕು ಕೊಟ್ಟು ಫೋಟೋ ತೆಗ್ದಿದಾರೆ, ಯಾಕೆ ಮಕ್ಕಳೇ ಬೇಕಿತ್ತು? ಒಂದು ಕಾರ್ಡಿಗೆ ಸ್ಟಾಂಪೇ ಇಲ್ಲ, ಹೇಗೆ ತಲುಪಿರುತ್ತೆ?

ಉತ್ತರ: ಸ್ಟಾಂಪಿಂದು ಸುಲಭ. 1914ರ ಆಗಸ್ಟ್‌ನಿಂದ ಫ್ರೆಂಚ್ ಸೈನಿಕರ ಪತ್ರಗಳಿಗೆ ಅಂಚೆ ಫ್ರೀ ಇತ್ತು, ಸ್ಟಾಂಪ್ ಜಾಗದಲ್ಲಿ ಎಫ್.ಎಂ. (ಫ್ರೆಂಚಲ್ಲಿ ಫ್ರಾಂಶೀಸ್ ಮಿಲಿಟೇರ್, ಅಂದ್ರೆ ಸೈನಿಕರ ಉಚಿತ ಅಂಚೆ) ಅಂತ ಬರೆದ್ರೆ ಸಾಕಾಗ್ತಿತ್ತು, ನೋಡಿ ನಿಮ್ಮ ಕಾರ್ಡಲ್ಲೂ ಇರಬಹುದು.

ಇನ್ನು ಮಕ್ಕಳು. ಇವರು ಯುದ್ಧ ನೋಡಿದವರಲ್ಲ, ಸ್ಟುಡಿಯೋಗೆ ಕರ್ಕೊಂಡು ಬಂದು ಬಣ್ಣದ ಪರದೆ ಮುಂದೆ ನಿಲ್ಲಿಸಿದ ಮಾಡೆಲ್‌ಗಳು, ಆಮೇಲೆ ಫೋಟೋಗೆ ಕೆನ್ನೆ ಕೆಂಪು, ಬಾವುಟದ ಮೂರು ಬಣ್ಣ ಎಲ್ಲಾ ಹಚ್ಚೋರು. ತಲೆ ಮೇಲೆ ದೊಡ್ಡ ಕಪ್ಪು ರಿಬ್ಬನ್ ಕಟ್ಟಿರೋ ಹುಡುಗಿ ಇದ್ರೆ ಅವಳು ಅಲ್ಸೇಸ್, 1871ರಲ್ಲಿ ಜರ್ಮನಿ ಪಾಲಾದ ಪ್ರಾಂತ್ಯ, ಪಕ್ಕದಲ್ಲಿ ನಿಂತಿರೋ ಪುಟ್ಟ ಸೈನಿಕ ಅವಳನ್ನ ಬಿಡಿಸ್ಕೊಂಡು ಬರೋ ಫ್ರಾನ್ಸ್, ಇದು ಅಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿರಲಿಲ್ಲ. ಇನ್ನೊಂದು ಕಾರಣ ಜನಸಂಖ್ಯೆ. ಫ್ರಾನ್ಸ್‌ನಲ್ಲಿ ಸುಮಾರು 4 ಕೋಟಿ ಜನ, ಜರ್ಮನಿಯಲ್ಲಿ 6.5 ಕೋಟಿ ಮೇಲೆ, ಅದ್ಕೇ ಹಸುಗೂಸುಗಳಿಗೂ ಸೈನಿಕರ ಟೋಪಿ ಹಾಕಿ ನಾಳೆಯ ಸಿಪಾಯಿ ಅನ್ನೋ ಥರ ಕಾರ್ಡ್ ಮಾಡಿದ್ರು, ಹೆಚ್ಚು ಮಕ್ಕಳು ಹುಟ್ಲಿ ಅನ್ನೋದು ಅದರೊಳಗಿನ ಮಾತು. ಹುಟ್ಟೋಕೆ ಮುಂಚೆನೇ ಮಗುನ ರಣರಂಗಕ್ಕೆ ಲೆಕ್ಕ ಹಾಕೋದು ನನಗಂತೂ ಸಹಿಸೋಕಾಗಲ್ಲ.

ಅದೇ ಹೊತ್ತಲ್ಲಿ ಜರ್ಮನಿಯವರೂ ಇದನ್ನೇ ಮಾಡ್ತಿದ್ರು, ಮೊನೆ ಇರೋ ಹೆಲ್ಮೆಟ್ ಹಾಕ್ಕೊಂಡ ಪುಟಾಣಿಗಳು, ಅಪ್ಪನಿಗಾಗಿ ಕೈಮುಗಿದು ಪ್ರಾರ್ಥನೆ ಮಾಡೋ ಮಕ್ಕಳು. ಈ ಪ್ರಾರ್ಥನೆ ಕಾರ್ಡುಗಳು ಮಾತ್ರ ಬೇರೆ ಥರ ನಾಟುತ್ವೆ, ಯಾಕಂದ್ರೆ ಟ್ರೆಂಚಲ್ಲಿ ಕೂತಿದ್ದ ಅಪ್ಪಂದಿರು ಇಂಥ ಕಾರ್ಡನ್ನ ಮನೇಲಿರೋ ಮಕ್ಕಳಿಗೆ ನಿಜವಾಗ್ಲೂ ಕಳಿಸ್ತಿದ್ರು, ಮುಂದೆ ಪ್ರಚಾರದ ಚಿತ್ರ ಇದ್ರೂ ಹಿಂದೆ ಇರ್ತಿದ್ದಿದ್ದು ಆರೋಗ್ಯ ವಿಚಾರಿಸೋ ಮಾತು, ಮುತ್ತು. 1915ರಲ್ಲಿ ಐದು ವರ್ಷ ಇದ್ದ ಹುಡುಗನಿಗೆ 1939ರಲ್ಲಿ 29, ಅಂದ್ರೆ ಎರಡನೇ ಮಹಾಯುದ್ಧಕ್ಕೆ ಸರಿಯಾಗಿ ಸೈನ್ಯಕ್ಕೆ ಕರೆಸ್ಕೊಳ್ಳೋ ವಯಸ್ಸು.

ತಾರೀಖು ಅಳಿಸಿಹೋಗಿದ್ರೆ ಮಗುವಿನ ಡ್ರೆಸ್ ನೋಡಿ. ಕೆಂಪು ಪ್ಯಾಂಟು, ಬಟ್ಟೆ ಟೋಪಿ ಇದ್ರೆ ಹೆಚ್ಚಾಗಿ ಯುದ್ಧದ ಶುರುವಿಂದು, ತಿಳಿನೀಲಿ ಡ್ರೆಸ್ಸು, ಉಕ್ಕಿನ ಹೆಲ್ಮೆಟ್ ಇದ್ರೆ 1915 ಅಥವಾ ಆಮೇಲಿಂದು.