ಪ್ರತಿಕ್ರಿಯೆ: ಸ್ಟಾರ್ ವಾರ್ಸ್‌ಗೆ ರಾಜಕೀಯ ತಂದಿದ್ದು ಡಿಸ್ನಿನಾ?

2012ರಲ್ಲಿ ಡಿಸ್ನಿ, ಸ್ಟಾರ್ ವಾರ್ಸ್ ಸಿನಿಮಾಗಳ್ನ ಮಾಡೋ ಲ್ಯೂಕಸ್‌ಫಿಲ್ಮ್ ಕಂಪನಿನ ಕೊಂಡ್ಕೊಂಡ್ಮೇಲೆನೇ ಅವುಗಳೊಳಗೆ ರಾಜಕೀಯ ನುಗ್ಗಿದ್ದು, ಫ್ಯಾನ್ಸ್ ಸಿಟ್ಟಿಗೆ ಅದೇ ಕಾರಣ ಅಲ್ವಾ ಅಂತ ಕೇಳಿದೀರ. ಇಲ್ಲ ಬಿಡಿ, ಮೊದಲಿಂದಾನೂ ಇತ್ತು. 1977ರ ಮೊದಲನೇ ಸಿನಿಮಾ ಕಥೆ ಹಿಂದೆ ವಿಯೆಟ್ನಾಂ ಯುದ್ಧ ಇತ್ತು, ಕಥೇಲಿ ದಂಗೆ ಏಳೋರು ಅಮೆರಿಕ ವಿರುದ್ಧ ಹೋರಾಡಿದ ವಿಯೆಟ್‌ಕಾಂಗ್ ಗೆರಿಲ್ಲಾಗಳ ಥರ, ಅವ್ರು ಎದುರಿಸೋ ಸಾಮ್ರಾಜ್ಯ ಎಂಪೈರ್ ಅಂದ್ರೆ ಅಮೆರಿಕ ಅಂತ ಸ್ಟಾರ್ ವಾರ್ಸ್ ಹುಟ್ಟುಹಾಕಿದ ಜಾರ್ಜ್ ಲ್ಯೂಕಸ್ ಅವ್ರೇ ಹೇಳಿದಾರೆ, ಆ ಎಂಪೈರ್‌ನ ಚಕ್ರವರ್ತಿ ಪಾತ್ರದಲ್ಲಿ ಅಮೆರಿಕ ಅಧ್ಯಕ್ಷರಾಗಿದ್ದ ನಿಕ್ಸನ್ ನೆರಳೂ ಇದೆ. ನಾವು ಲೈಟ್‌ಸೇಬರ್ ಅನ್ನೋ ಬೆಳಕಿನ ಕತ್ತಿ ನೋಡ್ಕೊಂಡು ಬಾಯಿ ಬಿಟ್ಕೊಂಡು ಕೂತಿದ್ವಿ ಅಷ್ಟೇ.

ಹಂಗಂತ 2017ರ ಸ್ಟಾರ್ ವಾರ್ಸ್ ಸಿನಿಮಾ ದ ಲಾಸ್ಟ್ ಜೆಡೈ ಇಷ್ಟ ಆಗ್ಲಿಲ್ಲ ಅಂದೋರೆಲ್ಲ ಜನಾಂಗದ್ವೇಷಿಗಳು ಅನ್ನೋದೂ ಅನ್ಯಾಯ. ಮೊದಲ ಸಿನಿಮಾಗಳ ಹೀರೋ ಲ್ಯೂಕ್‌ನ ಅದ್ರಲ್ಲಿ ಎಲ್ಲಾ ಬಿಟ್ಟು ದ್ವೀಪ ಸೇರ್ಕೊಂಡ ಸಿಡುಕು ಮುದುಕ ಮಾಡಿದ್ದು ಸರಿ ಇಲ್ಲ ಅನ್ನೋದು ನ್ಯಾಯವಾದ ತಕರಾರೇ, ಆ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್‌ಗೇ ಮೊದಲು ಅದು ಒಪ್ಪಿಗೆ ಆಗಿರ್ಲಿಲ್ಲ. ಆದ್ರೆ ಅದೇ ಸಿನಿಮಾದಲ್ಲಿ ರೋಸ್ ಪಾತ್ರ ಮಾಡಿದ ವಿಯೆಟ್ನಾಂ ಮೂಲದ ನಟಿ ಕೆಲ್ಲಿ ಮೇರಿ ಟ್ರಾನ್‌ಗೆ ಜನಾಂಗ, ಮೈಕಟ್ಟು ಎಲ್ಲ ಎತ್ತಾಡಿ ಬೈದು ಬೈದು 2018ರಲ್ಲಿ ಆಕೆ ಇನ್‌ಸ್ಟಾಗ್ರಾಮ್ ಪೋಸ್ಟ್‌ಗಳ್ನೆಲ್ಲ ತೆಗೆದುಹಾಕಿದ್ರಲ್ಲ, ಅದು ಸಿನಿಮಾ ವಿಮರ್ಶೆ ಹೆಂಗಾಗುತ್ತೆ ಹೇಳಿ? 2019ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ರೋಸ್ ಎರಡು ನಿಮಿಷನೂ ಕಾಣಿಸ್ಲಿಲ್ಲ, ಕಂಪನಿನೂ ಹೆದರ್ಕೊಂಡ್ತು ಅಂತ್ಲೇ ನನ್ ಅಭಿಪ್ರಾಯ.

ಇನ್ನು ಹೀಗೆ ನಟರಿಗೆ ಬೈಯೋದು ಡಿಸ್ನಿ ಬಂದ್ಮೇಲೆ ಶುರುವಾದ ಚಾಳಿನೂ ಅಲ್ಲ. 1999ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಜಾರ್ ಜಾರ್ ಅನ್ನೋ ತಮಾಷೆ ಪಾತ್ರ ಮಾಡಿದ ಅಹ್ಮದ್ ಬೆಸ್ಟ್‌ಗೆ ಬಂದ ಬೈಗುಳ ಎಷ್ಟಿತ್ತು ಅಂದ್ರೆ ಆಗ ಜೀವ ಕಳ್ಕೊಳೋ ಯೋಚನೆ ಬಂದಿತ್ತು ಅಂತ 2018ರಲ್ಲಿ ಅವ್ರೇ ಹೇಳ್ಕೊಂಡ್ರು. ಆಗ ಯೂಟ್ಯೂಬೂ ಇರ್ಲಿಲ್ಲ, ಈಗ ದಿನಾ ಸಿಟ್ಟು ಮಾರ್ಕೊಂಡೇ ದುಡ್ಡು ಮಾಡೋ ಚಾನೆಲ್‌ಗಳಿವೆ, ಅವನ್ನ ನೋಡಿ ಫ್ಯಾನ್ಸ್ ಎಲ್ಲ ಹಿಂಗೇ ಅನ್ಕೋಬೇಡಿ.